ತೊರೆಯ ಮೀನಿಗೆ ಹುಸಿಯೆರೆ

ಗಾಳದ ಕೊಕ್ಕೆಗೆ ಸಿಕ್ಕಿಸುವ ಆಹಾರಕ್ಕೆ ಕನ್ನಡದಲ್ಲಿ ಎರೆ ಎಂದು ಹೆಸರು. ಮಣ್ಣಿನೊಳಗಿನ ಹುಳುವಿಗೂ ಅದೇ ಹೆಸರು. ನಮ್ಮ ಹಿರಿಯರು ಮೀನಿನ ಮುಂದೆ ಏನನ್ನು ಒಡ್ಡುತ್ತಿದ್ದರೆಂಬುದನ್ನು ಈ ಮಾತೇ ಹೇಳಿಬಿಡುತ್ತದೆ. ಸಂಸ್ಕೃತದ ಆಮಿಷ ಶಬ್ದದ ಕಥೆಯೂ ಕುತೂಹಲಕರವಾದದ್ದು. ಮೊದಲು ಅದಕ್ಕೆ ಮಾಂಸವೆಂದಷ್ಟೇ ಅರ್ಥವಿತ್ತು. ಬಳಿಕ ಗಾಳಕ್ಕೆ ಸಿಕ್ಕಿಸಿದ ಮಾಂಸವೆಂದಾಯಿತು. ಕಡೆಗೆ ಪ್ರಲೋಭನೆ ಎಂಬ ಅರ್ಥವನ್ನು ಪಡೆದು, ಈಗ ಚುನಾವಣೆಯ ಕಾಲದಲ್ಲಿ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮೀನನ್ನು ಹಿಡಿಯುವವನ ಅನುಭವವೇ ಈ ಅರ್ಥವಿಸ್ತಾರಕ್ಕೆ ಮೂಲವೆಂಬುದನ್ನು ನಾವು ಮರೆತಿದ್ದೇವೆ, ಅಷ್ಟೆ.

ಯಾವ ಮೀನಿಗೆ ಯಾವ ಎರೆ ಎಂಬ ಪ್ರಶ್ನೆಯನ್ನು ಶಾಸ್ತ್ರವಾಗಿ ಎತ್ತಿಕೊಂಡವರಲ್ಲಿ ನಮ್ಮ ನಾಡಿನ ದೊರೆಯೊಬ್ಬನಿದ್ದಾನೆ. 1127ರಿಂದ 1138ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಉಂಟು. ಮೀನಿನ ಜಾತಿಗಳು, ಅವು ವಾಸಿಸುವ ನೀರು, ಅವಕ್ಕೆ ಹಾಕಿ ಅಭ್ಯಾಸ ಮಾಡಿಸಬೇಕಾದ ಆಹಾರ, ಗಾಳದ ಕೋಲು, ದಾರ, ಇವೆಲ್ಲ ಅಲ್ಲಿ ಹೇಳಲ್ಪಟ್ಟಿವೆ. ಮೀನುಗಳ ಶಾಸ್ತ್ರದಲ್ಲಿ ಖ್ಯಾತರಾಗಿದ್ದ ಡಾಕ್ಟರ್ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಎಲ್ಲ ಮೀನಿಗೂ ಒಂದೇ ಎರೆ ಸಲ್ಲದು, ಮೊದಲು ಮೀನಿನ ಆಹಾರವನ್ನು ತಿಳಿ ಎಂಬುದೇ ಸೋಮೇಶ್ವರನ ವಿವರಣೆಯ ತಿರುಳು.

ಈ ತಿರುಳನ್ನೇ ಸಾವಿರಾರು ಮೈಲಿ ದೂರದ ಮತ್ತೊಂದು ನಾಡಿನವರು, ಮಾನಸೋಲ್ಲಾಸದ ಹೆಸರನ್ನೇ ಕೇಳದೆ, ತಮ್ಮ ತೊರೆಗಳ ದಡದಲ್ಲಿ ನಿಂತು ತಾವಾಗಿಯೇ ಕಂಡುಕೊಂಡರು. ಆ ನಾಡು ಅಮೆರಿಕ ಸಂಯುಕ್ತ ಸಂಸ್ಥಾನ. ಆ ಮೀನು ಬಾಸ್. ಹರಿಯುವ ಸಣ್ಣ ತೊರೆಗಳಲ್ಲಿ ಬಾಸ್ ಮೀನನ್ನು ಹಿಡಿಯಲು ಅಲ್ಲಿನ ಜನರು ಸುಮಾರು ಇನ್ನೂರು ವರ್ಷಗಳಲ್ಲಿ ಕಟ್ಟಿಕೊಂಡ ಹುಸಿಯೆರೆಗಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ. ಹುಸಿಯೆರೆ ಎಂದರೆ ಮರ, ಲೋಹ, ಗರಿ, ಕೂದಲು, ಪ್ಲಾಸ್ಟಿಕ್ಕುಗಳಿಂದ ಮಾಡಿದ, ಮೀನು ನುಂಗಬೇಕೆಂದು ಬಾಯಿ ಹಾಕಿದರೂ ತಿನ್ನಲಾರದ ಎರೆ. ಇದು ಆಟಿಕೆಗಳ ಚರಿತ್ರೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಮನುಷ್ಯನು ಹೊಳೆಯನ್ನು ಓದಲು ಕಲಿತದ್ದರ ಚರಿತ್ರೆ ಇದು. ಓದಿದ್ದನ್ನು ಮರೆತಾಗ ಏನಾಯಿತೆಂಬುದೂ ಇದರಲ್ಲಿಯೇ ಅಡಗಿದೆ.

ಮೊದಲು ಮೀನಿನ ಪರಿಚಯವಾಗಲಿ. ಬಾಸ್ ಕುಲದಲ್ಲಿ ಹಲವು ಜಾತಿಗಳಿವೆ. ದೊಡ್ಡ ಬಾಯಿಯ ಬಾಸ್ ಸಾಮಾನ್ಯವಾಗಿ ನಿಂತ ನೀರನ್ನೂ ಕಳೆ ಬೆಳೆದ ಮಡುವನ್ನೂ ಮೆಚ್ಚುತ್ತದೆ. ಸಣ್ಣ ಬಾಯಿಯ ಬಾಸ್ ತಿಳಿಯಾದ ಹರಿವನ್ನೂ ಕಲ್ಲುಗಳ ನೆಲವನ್ನೂ ಬಯಸುತ್ತದೆ. ತೊರೆಯ ಬಾಸ್ ಎಂದರೆ ಮುಖ್ಯವಾಗಿ ಈ ಎರಡನೆಯದು. ಮಹಾಸರೋವರಗಳ ಸುತ್ತಲಿನ ನೀರು, ಒಹಾಯೊ, ಟೆನೆಸ್ಸೀ ಮತ್ತು ಮೇಲಣ ಮಿಸಿಸಿಪ್ಪಿ ನದಿಗಳ ಕಣಿವೆಗಳು ಇದರ ತವರು. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಲಾಸೆಪೇಡ್ ಎಂಬಾತನು 1802ರಲ್ಲಿ ಇದಕ್ಕೆ ಶಾಸ್ತ್ರೀಯವಾದ ಹೆಸರಿಟ್ಟನು. ಅವನ ಕೈಗೆ ಬಂದಿದ್ದ ಮಾದರಿ ಮೀನಿನ ಬೆನ್ನಿನ ರೆಕ್ಕೆ ಹಿಂದುಗಡೆ ಮುರಿದು, ಒಂದು ಚೂರು ಬೇರೆಯಾಗಿ ನಿಂತಿತ್ತು. ಅದನ್ನು ಬೇರೊಂದು ಪುಟ್ಟ ರೆಕ್ಕೆಯೆಂದೇ ಭಾವಿಸಿ, ಸಣ್ಣ ರೆಕ್ಕೆಯದು ಎಂಬರ್ಥದ ಮೈಕ್ರೊಪ್ಟೆರಸ್ ಎಂಬ ಹೆಸರನ್ನು ಅವನು ಕೊಟ್ಟನು. ಗಾಯಗೊಂಡ ಒಂದು ಮೀನಿನಿಂದ ಕುಲಕ್ಕೆಲ್ಲ ಬಂದ ಆ ಹೆಸರು ಇಂದಿಗೂ ನಿಂತಿದೆ. ರೂಢಿಯೇ ಬಲವೆಂಬ ವ್ಯಾಕರಣದ ನ್ಯಾಯ ಮೀನುಗಳ ಶಾಸ್ತ್ರಕ್ಕೂ ಸಲ್ಲುತ್ತದೆಂದು ತೋರುತ್ತದೆ!

ಹರಿಯುವ ನೀರಿನಲ್ಲಿ ಈ ಮೀನು ಹೇಗೆ ಬಾಳುತ್ತದೆಂಬುದನ್ನು ತಿಳಿದರೆ ಮುಂದಿನ ಕಥೆಯೆಲ್ಲ ಸುಲಭ. ನಿಂತ ನೀರಿನ ಮೀನು ಆಹಾರವನ್ನು ಹುಡುಕಿಕೊಂಡು ತಿರುಗಬೇಕು. ತೊರೆಯ ಮೀನಿಗೆ ಆಹಾರ ತಾನಾಗಿ ಹರಿದು ಬರುತ್ತದೆ. ಆದರೆ ಸೆಳವಿನಲ್ಲಿ ಸದಾ ಈಜುತ್ತ ನಿಂತರೆ ತಿಂದದ್ದೆಲ್ಲ ದಣಿವಿಗೇ ಸರಿಹೋಗುತ್ತದೆ. ಆದುದರಿಂದ ಅದು ಒಂದು ಬಂಡೆಯ ಮರೆಯಲ್ಲೋ, ಬಿದ್ದ ಮರದ ಬೊಡ್ಡೆಯ ಹಿಂದೆಯೋ, ದಡ ಕೊರೆದ ತಾವಿನಲ್ಲೋ, ಸೆಳವು ಸಡಿಲವಾದ ಕಡೆ ತಲೆಯನ್ನು ಮೇಲುಹರಿವಿಗೆ ತಿರುಗಿಸಿ ನಿಲ್ಲುತ್ತದೆ. ಪಕ್ಕದಲ್ಲಿ ವೇಗವಾದ ನೀರು ಹರಿಯುತ್ತಿರುತ್ತದೆ. ಅದರಲ್ಲಿ ತೇಲಿ ಬಂದದ್ದನ್ನು ಥಟ್ಟನೆ ನುಗ್ಗಿ ಹಿಡಿದು ಮತ್ತೆ ಮರೆಗೆ ಬರುತ್ತದೆ. ಅದರ ಆಹಾರ ಮೂರು ಬಗೆ: ಸಣ್ಣ ಮೀನುಗಳು, ನೀರಿನ ಹುಳುಗಳೂ ನೀರಿಗೆ ಬಿದ್ದ ಕೀಟಗಳೂ, ಎಲ್ಲಕ್ಕಿಂತ ಮಿಗಿಲಾಗಿ ಕಲ್ಲುಗಳ ಸಂದಿನಲ್ಲಿ ಹಿಂದು ಹಿಂದಕ್ಕೆ ಚಿಮ್ಮುವ ಕ್ರೇಫಿಶ್. ಈ ಕ್ರೇಫಿಶ್ ಎಂಬುದು ಸೀಗಡಿಯಂಥ ಮೈಯೂ ಏಡಿಯಂಥ ಇಕ್ಕುಳಗಳೂ ಉಳ್ಳ ಸಿಹಿನೀರಿನ ಜಂತು. ಇಷ್ಟನ್ನು ಅರಿತವನು ಅರ್ಧ ಬೇಟೆಗಾರನಾದಂತೆಯೇ ಸರಿ.

ಈ ಅರಿವು ಬಿಳಿಯರಿಂದ ಆರಂಭವಾದದ್ದಲ್ಲ. ವಿಲಿಯಂ ಬಾರ್ಟ್ರಮ್ ಎಂಬ ಸಸ್ಯಶಾಸ್ತ್ರಜ್ಞನು 1770ರ ದಶಕದಲ್ಲಿ ಅಮೆರಿಕದ ದಕ್ಷಿಣ ಭಾಗಗಳಲ್ಲಿ ಸಂಚರಿಸಿ 1791ರಲ್ಲಿ ತನ್ನ ಪ್ರವಾಸದ ಗ್ರಂಥವನ್ನು ಪ್ರಕಟಿಸಿದನು. ಫ್ಲಾರಿಡದಲ್ಲಿ ಮೂರು ಕೊಕ್ಕೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಕಟ್ಟಿ, ಅದಕ್ಕೆ ಜಿಂಕೆಯ ಬಾಲದ ಬಿಳಿಯ ಕೂದಲನ್ನೂ ಕೆಂಪು ಬಟ್ಟೆಯ ಚೂರುಗಳನ್ನೂ ಬಣ್ಣದ ಗರಿಗಳನ್ನೂ ಸುತ್ತಿ, ದೋಣಿಯಿಂದ ಉದ್ದನೆಯ ಕೋಲಿನಲ್ಲಿ ನೀರಿನ ಮೇಲೆ ಆಡಿಸುತ್ತಿದ್ದ ಕ್ರಮವನ್ನು ಅವನು ವರ್ಣಿಸಿದ್ದಾನೆ. ಅಲ್ಲಿನ ಜನ ಟ್ರೌಟ್ ಎಂದು ಕರೆಯುತ್ತಿದ್ದ ಆ ಮೀನು ದೊಡ್ಡ ಬಾಯಿಯ ಬಾಸ್ ಎಂಬುದರಲ್ಲಿ ಸಂದೇಹವಿಲ್ಲ. ಆ ಕೂದಲುಂಡೆ ಯಾವ ಪ್ರಾಣಿಯನ್ನೂ ಹೋಲುವುದಿಲ್ಲ. ಆದರೂ ನೀರಿನಲ್ಲಿ ಉಸಿರಾಡುವಂತೆ ಅಲುಗುತ್ತದೆ. ರೂಪಕ್ಕಿಂತ ಚಲನೆ ಮುಖ್ಯವೆಂಬ ಮೊದಲ ಸೂತ್ರ ಇಲ್ಲಿಯೇ ಸಿದ್ಧವಾಯಿತು.

ಎರಡನೆಯ ಹೆಜ್ಜೆಯನ್ನು ಇಟ್ಟವರು ಗಡಿಯಾರದ ಕೆಲಸಗಾರರು. ಕೆಂಟಕಿ ಪ್ರಾಂತ್ಯದ ಪ್ಯಾರಿಸ್ ಎಂಬ ಊರಿನಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕನಿದ್ದನು. ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅವನು ಹಲ್ಲುಚಕ್ರಗಳನ್ನು ಕೂಡಿಸಿ, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆ ಹಲವು ಸುತ್ತು ತಿರುಗುವಂಥ ರಾಟೆಯನ್ನು ಮಾಡಿದನು. ಅದೇ ಪ್ರಾಂತ್ಯದ ಫ್ರಾಂಕ್‌ಫರ್ಟ್ ಊರಿನ ಮೀಕ್ ಸೋದರರು ಅದನ್ನು ಇನ್ನೂ ನಯಗೊಳಿಸಿದರು. ಅಲ್ಲಿಯತನಕ ಕೋಲಿನ ಉದ್ದದಷ್ಟೇ ಗಾಳದ ಉದ್ದವಾಗಿತ್ತು. ಈ ರಾಟೆ ಬಂದಮೇಲೆ, ಕೊಕ್ಕೆಗೆ ಸಿಕ್ಕಿಸಿದ ಜೀವಂತ ಸಣ್ಣ ಮೀನನ್ನು ಆಚೆ ದಡದ ಬಂಡೆಯ ಬುಡಕ್ಕೆ ಎಸೆಯುವುದು ಸಾಧ್ಯವಾಯಿತು. ಮೀನಿನ ಕಣ್ಣಿಗೆ ಬೀಳದೆ ದೂರ ನಿಲ್ಲುವ ಸೌಕರ್ಯವೂ ದೊರೆಯಿತು.

ಲೋಹದ ಹುಸಿಯೆರೆಗೆ ಹೆಸರಾದವನು ವರ್ಮಾಂಟ್ ಪ್ರಾಂತ್ಯದ ಜೂಲಿಯೊ ಬ್ಯೂಯೆಲ್. ಬಾಲ್ಯದಲ್ಲಿ ದೋಣಿಯಲ್ಲಿ ಊಟ ಮಾಡುತ್ತಿದ್ದಾಗ ಅವನ ಚಮಚ ಜಾರಿ ಸರೋವರಕ್ಕೆ ಬಿತ್ತಂತೆ. ಅದು ಹೊಳೆಯುತ್ತ ಓಲಾಡುತ್ತ ಇಳಿಯುತ್ತಿದ್ದಾಗ ಒಂದು ದೊಡ್ಡ ಮೀನು ಅದನ್ನು ಹಿಡಿಯಿತಂತೆ. ಈ ಕಥೆಯನ್ನು ಪರೀಕ್ಷಿಸುವ ಉಪಾಯವಿಲ್ಲ. ಆದರೆ ಹಿಡಿ ಕತ್ತರಿಸಿದ ಚಮಚಕ್ಕೆ ಕೊಕ್ಕೆ ಬೆಸೆದು ಮಾಡಿದ ಹುಸಿಯೆರೆಗೆ ಅವನು 1852ರಲ್ಲಿ ಸರ್ಕಾರದಿಂದ ಹಕ್ಕುಪತ್ರ ಪಡೆದದ್ದು ದಾಖಲೆಯಲ್ಲಿರುವ ಸಂಗತಿ. ಹೊಳಪು ಮತ್ತು ಓಲಾಟ ಎಂಬ ಎರಡು ಗುಣಗಳನ್ನು ಅದು ಒಂದುಗೂಡಿಸಿತು. ಗಾಯಗೊಂಡ ಸಣ್ಣ ಮೀನು ಪಕ್ಕಕ್ಕೆ ವಾಲಿದಾಗ ಅದರ ಹೊಟ್ಟೆಯ ಬೆಳ್ಳಿ ಮಿಂಚುವುದೂ ಹೀಗೆಯೇ ಅಲ್ಲವೇ?

ಇದೇ ಹೊತ್ತಿಗೆ ರೈಲುಮಾರ್ಗ ಈ ಚರಿತ್ರೆಯೊಳಕ್ಕೆ ಪ್ರವೇಶಿಸಿತು. ಬಾಲ್ಟಿಮೋರ್ ಮತ್ತು ಒಹಾಯೊ ರೈಲು ಅಪಲೇಚಿಯನ್ ಬೆಟ್ಟಗಳನ್ನು ದಾಟಿ ವ್ಹೀಲಿಂಗ್ ನಗರವನ್ನು ಮುಟ್ಟಿದ ಸ್ವಲ್ಪ ಕಾಲಕ್ಕೇ, 1854ರಲ್ಲಿ, ವಿಲಿಯಂ ಶ್ರೈವರ್ ಎಂಬಾತನು ಅಲ್ಲಿನ ತೊರೆಯಿಂದ ಕೆಲವು ಸಣ್ಣ ಬಾಯಿಯ ಬಾಸ್ ಮೀನುಗಳನ್ನು ಹಿಡಿದು, ಉಗಿಯಂತ್ರಕ್ಕೆ ನೀರೊದಗಿಸುವ ತೊಟ್ಟಿಯಲ್ಲಿ ಅವುಗಳನ್ನಿರಿಸಿ, ಬೆಟ್ಟದಾಚೆಯ ಕಂಬರ್ಲೆಂಡ್ ಊರಿಗೆ ತಂದು ಕಾಲುವೆಯ ನೀರಿಗೆ ಬಿಟ್ಟನು. ಅಲ್ಲಿಂದ ಅವು ಪೊಟೊಮ್ಯಾಕ್ ನದಿಯನ್ನು ಸೇರಿ ವಂಶವನ್ನು ಬೆಳೆಸಿದವು. ನಿಸರ್ಗವು ಬೆಟ್ಟಸಾಲಿನಿಂದ ಬೇರ್ಪಡಿಸಿದ್ದ ಎರಡು ನೀರುಗಳನ್ನು ಒಂದು ರೈಲು ಕೂಡಿಸಿಬಿಟ್ಟಿತು. 1874ರಲ್ಲಿ ಈ ಮೀನು ಖಂಡವನ್ನೇ ದಾಟಿ ಕ್ಯಾಲಿಫೋರ್ನಿಯದ ತೊರೆಗಳನ್ನೂ ಸೇರಿತು. ಆಗ ಎಲ್ಲರೂ ಇದನ್ನು ಪರೋಪಕಾರವೆಂದೇ ಬಗೆದರು. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಕಡೆಗೆ ಮತ್ತೆ ಬರುತ್ತೇವೆ.

ಬಾಸ್ ಮೀನಿಗೆ ಪಂಡಿತನೊಬ್ಬನು ದೊರೆತದ್ದು 1881ರಲ್ಲಿ. ವೈದ್ಯನಾಗಿದ್ದ ಜೇಮ್ಸ್ ಹೆನ್‌ಶಲ್ ಆ ವರ್ಷ ಇಡಿಯ ಒಂದು ಗ್ರಂಥವನ್ನೇ ಈ ಮೀನಿಗೆ ಮೀಸಲಿಟ್ಟು ಪ್ರಕಟಿಸಿದನು. ಆವರೆಗೆ ಇಂಗ್ಲೆಂಡಿನ ಸಂಪ್ರದಾಯವನ್ನು ಅನುಸರಿಸಿದ ಅಮೆರಿಕನ್ನರು ಟ್ರೌಟ್ ಮತ್ತು ಸಾಮನ್ ಮೀನುಗಳನ್ನು ಮಾತ್ರ ಕುಲೀನವೆಂದು ಎಣಿಸುತ್ತಿದ್ದರು. ಬಾಸ್ ಹಳ್ಳಿಗರ ಮೀನಾಗಿತ್ತು. ಹೆನ್‌ಶಲ್ ಈ ಪಂಕ್ತಿಭೇದವನ್ನು ಒಪ್ಪಲಿಲ್ಲ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಕಾದಾಟದಲ್ಲಿ ಬಾಸ್ ಮೀನನ್ನು ಮೀರಿಸುವುದಿಲ್ಲವೆಂದು ವಾದಿಸಿ, ಅದಕ್ಕೆ ತಕ್ಕ ಗಿಡ್ಡನೆಯ ಹಗುರವಾದ ಕೋಲು ಹೇಗಿರಬೇಕೆಂಬುದನ್ನೂ ವಿವರಿಸಿದನು. ಒಂದು ನಾಡು ತನ್ನ ಸ್ವಂತ ವಸ್ತುವಿಗೆ ತಾನೇ ಬೆಲೆ ಕೊಡಲು ಕಲಿಯುವುದಕ್ಕೆ ಒಮ್ಮೊಮ್ಮೆ ಇಂಥ ಹಟಮಾರಿಯೊಬ್ಬನು ಬೇಕಾಗುತ್ತಾನೆ. ನಮ್ಮ ಭಾಷೆಗಳ ಚರಿತ್ರೆಯಲ್ಲಿಯೂ ಇದನ್ನು ಕಂಡಿದ್ದೇವೆ.

ಹೆನ್‌ಶಲ್‌ನ ಅನಂತರ ಹುಸಿಯೆರೆಗಳ ಕಾಲ ಸಂಪೂರ್ಣವಾಗಿ ಆರಂಭವಾಯಿತು. ಮಿಷಿಗನ್ ಪ್ರಾಂತ್ಯದ ಡೊವಾಜಿಯಾಕ್ ಊರಿನಲ್ಲಿ ಜೇಮ್ಸ್ ಹೆಡನ್ ಎಂಬ ಪ್ರಸಿದ್ಧ ಜೇನುಸಾಕಣೆಗಾರನಿದ್ದನು. ಆ ಊರಿನ ತೊರೆಗೆ ಕಟ್ಟಿದ ಗಿರಣಿಯ ಮಡುವಿನ ಬಳಿ ಕುಳಿತು ಕಡ್ಡಿಯೊಂದನ್ನು ಕೆತ್ತುತ್ತಿದ್ದವನು ಅದನ್ನು ನೀರಿಗೆ ಎಸೆಯಲು, ಬಾಸ್ ಮೀನೊಂದು ಮೇಲೆದ್ದು ಅದನ್ನು ಹೊಡೆಯಿತೆಂದು ಐತಿಹ್ಯವಿದೆ. ಹೆಡನ್ ಮರದ ಕಪ್ಪೆಗಳನ್ನು ಕೆತ್ತಿದನು; 1902ರಲ್ಲಿ ತನ್ನ ಮರದ ಹುಸಿಯೆರೆಗೆ ಹಕ್ಕುಪತ್ರ ಪಡೆದನು; ಅವನ ಮನೆತನದ ಕಾರ್ಖಾನೆ ಊರಿಗೇ ಹೆಸರು ತಂದಿತು. ಟೆನೆಸ್ಸೀ ಪ್ರಾಂತ್ಯದ ಚಟನೂಗದಲ್ಲಿ ಅರ್ನೆಸ್ಟ್ ಪೆಕಿನ್‌ಪಾ ಎಂಬವನು ಸೀಸೆಯ ಬಿರಡೆಗೆ ಕೊಕ್ಕೆ ತೂರಿಸಿ ಗರಿಗಳನ್ನು ಕಟ್ಟಿ, ನೀರಿನ ಮೇಲೆ ತೇಲುವ ಕೀಟವನ್ನು ಮಾಡಿದನು. ಮುಸ್ಸಂಜೆಯ ನಿಶ್ಚಲವಾದ ಮಡುವಿನಲ್ಲಿ ಇದು ಟಪ್ಪೆಂದು ಬಿದ್ದರೆ ಕೆಳಗಿನ ಮೀನಿಗೆ ಅದು ಮಿಡತೆಯೋ ಕಪ್ಪೆಯೋ ಎಂಬ ವಿಚಾರಕ್ಕೆ ಅವಕಾಶವೇ ಇರುವುದಿಲ್ಲ.

ಆದರೆ ಒಂದು ತೊಡಕು ಉಳಿದಿತ್ತು. ಕೆಂಟಕಿಯ ರಾಟೆಯಲ್ಲಿ ಉರುಳೆಯೇ ತಿರುಗಿ ದಾರವನ್ನು ಬಿಡಬೇಕು. ಅದನ್ನು ತಿರುಗಿಸುವಷ್ಟು ತೂಕ ಹುಸಿಯೆರೆಗೆ ಇರಬೇಕು. ಮೊಣಕಾಲುದ್ದದ ತೊರೆಯಲ್ಲಿ ಅಷ್ಟು ಭಾರದ ವಸ್ತು ಬಿದ್ದರೆ ಮೀನೆಲ್ಲ ಬೆದರಿ ಓಡುತ್ತದೆ. ಪರಿಹಾರ ಬಂದದ್ದು ಇಂಗ್ಲೆಂಡಿನ ಜವಳಿ ಗಿರಣಿಯ ಸೀಮೆಯಿಂದ. ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಎಂಬ ಉದ್ಯಮಿ, ನೂಲಿನ ಕದಿರಿನ ತುದಿಯಿಂದ ಎಳೆ ಸಲೀಸಾಗಿ ಜಾರಿ ಬರುವ ಕ್ರಮವನ್ನೇ ಅನುಸರಿಸಿ, ಉರುಳೆ ತಿರುಗದೆ ದಾರ ಮಾತ್ರ ಜಾರಿಹೋಗುವ ರಾಟೆಗೆ 1905ರಲ್ಲಿ ಹಕ್ಕುಪತ್ರ ಪಡೆದನು. 1938ರಲ್ಲಿ ನೈಲಾನು ಲೋಕಕ್ಕೆ ಪರಿಚಯವಾಯಿತು. ಎರಡನೆಯ ಮಹಾಯುದ್ಧದ ತರುವಾಯ ಈ ಬಗೆಯ ರಾಟೆಯೂ ಸಣ್ಣ ನೈಲಾನು ಎಳೆಯೂ ಅಮೆರಿಕದಲ್ಲಿ ಒಟ್ಟಿಗೆ ಬಳಕೆಗೆ ಬಂದವು. ಕಾಲು ತೊಲದಷ್ಟು ಹಗುರವಾದ ಹುಸಿಯೆರೆಯನ್ನು ಕೂಡ ಹತ್ತಾರು ಅಡಿ ದೂರ ಎಸೆಯುವುದು ಆಗ ಸಾಧ್ಯವಾಯಿತು. ಸಣ್ಣ ತೊರೆಗಳು ಎಲ್ಲರಿಗೂ ತೆರೆದುಕೊಂಡದ್ದು ಆವಾಗಲೇ ಎನ್ನಬಹುದು.

ಅದಕ್ಕೆ ತಕ್ಕ ಹಗುರವಾದ ಹುಸಿಯೆರೆಗಳೂ ಅದೇ ಕಾಲದವು. ಫ್ರಾನ್ಸಿನಲ್ಲಿ ಆಂಡ್ರೆ ಮೋಲ್ನಾರ್ 1938ರಲ್ಲಿ ಆರಂಭಿಸಿದ ಮೆಪ್ಸ್ ಸಂಸ್ಥೆಯ ಎರೆಯಲ್ಲಿ ತಂತಿಯ ಸುತ್ತ ಒಂದು ಲೋಹದ ಎಲೆ ಗಿರ್ರನೆ ತಿರುಗುತ್ತದೆ. ಮೀನಿಗೆ ಮೈಯ ಪಕ್ಕದುದ್ದಕ್ಕೂ ನೀರಿನ ಕಂಪನವನ್ನು ಅರಿಯುವ ಒಂದು ಗೆರೆಯಿದೆ. ಕಾಣದಿದ್ದರೂ ಆ ಎಲೆಯ ಮಿಡಿತ ಅದಕ್ಕೆ ತಿಳಿಯುತ್ತದೆ. ಫಿನ್ಲೆಂಡಿನ ಬಡ ಬೆಸ್ತ ಲೌರಿ ರಾಪಲಾ, ಮೀನಿನ ಹಿಂಡಿನಲ್ಲಿ ದೊಡ್ಡ ಮೀನು ಯಾವಾಗಲೂ ಕುಂಟುತ್ತ ಈಜುವುದನ್ನೇ ಆರಿಸಿಕೊಳ್ಳುವುದನ್ನು ಗಮನಿಸಿದನು. ಅವನು 1936ರಲ್ಲಿ ಬಿರಡೆಮರದಿಂದ ಸಣ್ಣ ಮೀನೊಂದನ್ನು ಕೆತ್ತಿ, ಚಾಕೊಲೇಟಿಗೆ ಸುತ್ತಿದ್ದ ಬೆಳ್ಳಿಕಾಗದವನ್ನು ಹೊದಿಸಿ, ಛಾಯಾಚಿತ್ರದ ಫಿಲ್ಮನ್ನು ಕರಗಿಸಿ ಅದರ ಮೇಲೆ ಲೇಪಿಸಿದನು. ಅದರ ನಡೆಯಲ್ಲಿ ಆ ಕುಂಟುಗುಣ ಬಂದಿತ್ತು. 1962ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಇದನ್ನು ಕುರಿತ ಲೇಖನ ಬಂದಮೇಲೆ ಬೇಡಿಕೆಯನ್ನು ಪೂರೈಸುವುದೇ ಕಷ್ಟವಾಯಿತು. ಒಹಾಯೊ ಪ್ರಾಂತ್ಯದ ಆಕ್ರನ್ ರಬ್ಬರಿನ ಕಾರ್ಖಾನೆಗಳಿಗೆ ಹೆಸರಾದ ಊರು. ಅಲ್ಲಿ ನಿಕ್ ಕ್ರೀಮ್ ಎಂಬ ಯಂತ್ರಕೆಲಸಗಾರನು 1949ರಲ್ಲಿ ತನ್ನ ಮನೆಯ ಅಡುಗೆಯ ಒಲೆಯ ಮೇಲೆ ಪ್ಲಾಸ್ಟಿಕ್ಕನ್ನು ಕಾಯಿಸಿ ಅಚ್ಚಿಗೆರೆದು ಮೆತ್ತನೆಯ ಎರೆಹುಳುವನ್ನು ಮಾಡಿದನು. ಎರೆಯ ಚರಿತ್ರೆ ಸುತ್ತಿ ಬಳಸಿ ಮತ್ತೆ ಎರೆಹುಳುವಿಗೇ ಬಂದು ನಿಂತಿತು!

ಇಷ್ಟೆಲ್ಲ ಇರುವಾಗ ತೊರೆಯ ದಡದಲ್ಲಿ ನಿಂತವನು ಯಾವುದನ್ನು ಆರಿಸಬೇಕು? ಅಂಗಡಿಯನ್ನು ಕೇಳಬೇಡ, ನೀರನ್ನು ಕೇಳು ಎಂಬುದೇ ಅನುಭವಿಗಳ ಉತ್ತರ. ಕಲ್ಲುಗಳ ಮೇಲೆ ತೆಳ್ಳಗೆ ಜುಳುಜುಳು ಹರಿಯುವ ಕಡೆ ತಿರುಗೆಲೆಯ ಎರೆ ಒಳ್ಳೆಯದು. ಅದನ್ನು ಮೇಲುಹರಿವಿಗೆ ಓರೆಯಾಗಿ ಎಸೆದು, ಹರಿವಿಗಿಂತ ತುಸು ವೇಗವಾಗಿ ಸುತ್ತಿಕೊಳ್ಳಬೇಕು. ನಿಧಾನಿಸಿದರೆ ಎಲೆ ತಿರುಗುವುದಿಲ್ಲ. ಬಂಡೆಯ ಹಿಂದಿನ ಮರೆಗೆ ನೇರವಾಗಿ ಎಸೆಯಬಾರದು. ಸೀಸದ ತಲೆಗೆ ಮೆತ್ತನೆಯ ಮೈ ಸೇರಿಸಿದ ಎರೆಯನ್ನು ಬಂಡೆಯ ಮೇಲುಗಡೆ ಹಾಕಿ, ಸೆಳವೇ ಅದನ್ನು ಮೀನಿನ ಬಾಯಿಗೆ ಒಯ್ಯುವಂತೆ ಬಿಡಬೇಕು. ದಾರ ಸಡಿಲವಾದರೆ ಮೀನು ಹಿಡಿದದ್ದು ತಿಳಿಯದು. ಬಿಗಿಯಾದರೆ ಎರೆ ಸಹಜವಾಗಿ ಹರಿಯದು. ವೀಣೆಯ ತಂತಿಯಂತೆ ಹದ ತಿಳಿದಿರಬೇಕು. ಆಳವಾದ ಮಡುವಿನ ತಳದಲ್ಲಿ ಕ್ರೇಫಿಶ್ ಬಣ್ಣದ, ಕಂದು ಹಸುರು ಬೆರೆತ ಎರೆಯನ್ನು ಕುಪ್ಪಳಿಸುತ್ತ ಎಳೆಯಬೇಕು. ಚಳಿಗಾಲದ ತಣ್ಣೀರಿನಲ್ಲಿ ಮೀನಿನ ಮೈ ಜಡವಾಗಿರುವುದರಿಂದ ಎರೆಯೂ ನಿಧಾನವಾಗಬೇಕು. ನೀರು ತಿಳಿಯಾಗಿದ್ದರೆ ಎರೆ ಸಣ್ಣದು, ಬಣ್ಣ ಮಂದ. ಮಳೆಯಿಂದ ಕದಡಿದ್ದರೆ ಕಂಪನ ಹೆಚ್ಚಿರುವಂಥದು, ಬಣ್ಣ ಗಾಢ. ಮೀನಿನ ಮುಖ ಮೇಲುಹರಿವಿಗಿರುವುದರಿಂದ ಮನುಷ್ಯನು ಕೆಳಗಡೆಯಿಂದ, ತನ್ನ ನೆರಳು ನೀರಿನ ಮೇಲೆ ಬೀಳದಂತೆ, ಮೆಲ್ಲಗೆ ನಡೆದು ಬರಬೇಕು. ನಮ್ಮ ಹಳ್ಳಗಳಲ್ಲಿ ಗಾಳ ಹಾಕಿ ಬೆಳೆದ ಹುಡುಗರಿಗೆ ಈ ಪಾಠದ ಬಹುಭಾಗವನ್ನು ಹೇಳಿಕೊಡಬೇಕಾಗಿಲ್ಲ. ತರಗತಿಯಲ್ಲಿ ಸಂಧಿಸಮಾಸಗಳಿಗೆ ತಲೆಯೆತ್ತದ ಹುಡುಗನು ಹಳ್ಳದ ಯಾವ ಕಲ್ಲಿನ ಹಿಂದೆ ಯಾವ ಮೀನಿದೆಯೆಂಬುದನ್ನು ತಪ್ಪಿಲ್ಲದೆ ಹೇಳುವುದನ್ನು ನಾನು ಕಂಡಿದ್ದೇನೆ. ಅದೂ ಒಂದು ಪಾಂಡಿತ್ಯವೇ.

ಇಲ್ಲಿಯವರೆಗೆ ಹೇಳಿದ್ದು ನೀರನ್ನು ಓದಲು ಕಲಿತವರ ಕಥೆ. ನೀರನ್ನೇ ಬದಲಿಸಿದವರ ಕಥೆ ಇನ್ನೊಂದು. ಮಿಸೌರಿ ಮತ್ತು ಆರ್ಕನ್ಸಾ ಪ್ರಾಂತ್ಯಗಳ ಓಜಾರ್ಕ್ ಬೆಟ್ಟಗಳಲ್ಲಿ ಹುಟ್ಟುವ ವೈಟ್ ನದಿ ಸಣ್ಣ ಬಾಯಿಯ ಬಾಸ್ ಮೀನಿಗೆ ಹೆಸರಾಗಿತ್ತು. ಚಪ್ಪಟೆ ತಳದ ಮರದ ದೋಣಿಗಳಲ್ಲಿ ಹರಿವಿನೊಡನೆ ತೇಲುತ್ತ, ದಡದ ಮರಳಿನ ಮೇಲೆ ರಾತ್ರಿ ಕಳೆಯುತ್ತ, ದಿನಗಟ್ಟಲೆ ಬೇಟೆಯಾಡಲು ದೂರದೂರದಿಂದ ಜನ ಬರುತ್ತಿದ್ದರು. 1951ರಲ್ಲಿ ಬುಲ್ ಶೋಲ್ಸ್ ಎಂಬಲ್ಲಿಯೂ 1958ರಲ್ಲಿ ಟೇಬಲ್ ರಾಕ್ ಎಂಬಲ್ಲಿಯೂ ದೊಡ್ಡ ಅಣೆಕಟ್ಟುಗಳು ಮುಗಿದವು. ಪ್ರವಾಹ ತಗ್ಗಿತು, ವಿದ್ಯುತ್ತು ಬಂತು. ಇವು ಅಲ್ಲಗಳೆಯಲಾಗದ ಉಪಕಾರಗಳು. ಆದರೆ ಮೇಲಣ ತೊರೆ ಮುಳುಗಿ ಸರೋವರವಾಯಿತು. ಕೆಳಗಡೆಗೆ ಜಲಾಶಯದ ತಳದ ಕೊರೆಯುವ ತಣ್ಣೀರು ಹರಿದು, ಬೆಚ್ಚನೆಯ ನೀರಿನ ಬಾಸ್ ಅಲ್ಲಿ ಬಾಳದಂತಾಯಿತು. ಆ ಜಾಗದಲ್ಲಿ ಟ್ರೌಟ್ ಮರಿಗಳನ್ನು ತಂದು ಬಿಟ್ಟರು. ಕೈಯಲ್ಲಿ ಎಂಥ ಹುಸಿಯೆರೆಯಿದ್ದರೇನು, ಅದಕ್ಕೆ ಬಾಯಿ ಹಾಕುವ ಮೀನು ಹೋಗಿತ್ತು.

ಪಕ್ಕದ ಬಫಲೊ ನದಿಗೂ ಇದೇ ಗತಿ ಕಾದಿತ್ತು. ಆದರೆ ನೀಲ್ ಕಾಂಪ್ಟನ್ ಎಂಬ ವೈದ್ಯರು ಮುಂದಾಗಿ 1962ರಲ್ಲಿ ಓಜಾರ್ಕ್ ಸೊಸೈಟಿಯನ್ನು ಸ್ಥಾಪಿಸಿ ಅಣೆಕಟ್ಟಿನ ಯೋಜನೆಯನ್ನು ವಿರೋಧಿಸಿದರು. ನದಿಯ ದಡದ ರೈತರಲ್ಲಿ ಪರವಾದವರೂ ವಿರುದ್ಧವಾದವರೂ ಇದ್ದರು. ವಾದ ದೀರ್ಘವಾಗಿ ನಡೆಯಿತು. ಕೊನೆಗೆ 1972ರಲ್ಲಿ ಅದು ಆ ದೇಶದ ಮೊದಲ ರಾಷ್ಟ್ರೀಯ ನದಿಯೆಂದು ಘೋಷಿತವಾಗಿ, 135 ಮೈಲಿಗಳ ಉದ್ದಕ್ಕೆ ಅಡೆತಡೆಯಿಲ್ಲದೆ ಹರಿಯುವ ಹಕ್ಕನ್ನು ಪಡೆಯಿತು. ಅದೇ ವರ್ಷ ಬಾಸ್ ಬೇಟೆಯ ಪಂದ್ಯಗಳನ್ನು ನಡೆಸುತ್ತಿದ್ದ ರೇ ಸ್ಕಾಟ್, ಹಿಡಿದ ಮೀನನ್ನು ಕೊಲ್ಲದೆ ಜೀವಂತವಾಗಿ ನೀರಿಗೆ ಬಿಡಬೇಕೆಂಬ ಕ್ರಮವನ್ನು ತನ್ನ ಪಂದ್ಯಗಳಲ್ಲಿ ಜಾರಿಗೆ ತಂದನು. ಬೇಟೆಗಾರನೇ ರಕ್ಷಕನಾಗುವುದು ಇಲ್ಲಿ ಕಾಣುತ್ತದೆ.

ಈಗ ರೈಲಿನ ತೊಟ್ಟಿಯ ಮಾತಿಗೆ ಹಿಂದಿರುಗೋಣ. ಮೀನನ್ನು ಹೊತ್ತೊಯ್ಯುವ ಉತ್ಸಾಹ ಇಪ್ಪತ್ತನೆಯ ಶತಮಾನದಲ್ಲಿಯೂ ತಗ್ಗಲಿಲ್ಲ. ಟೆಕ್ಸಸ್ ಪ್ರಾಂತ್ಯದ ಬೆಟ್ಟದ ತೊರೆಗಳಲ್ಲಿ ಗ್ವಾಡಲೂಪ್ ಬಾಸ್ ಎಂಬ ಪುಟ್ಟ ಜಾತಿಯಿದೆ. ಜಗತ್ತಿನಲ್ಲಿ ಬೇರೆಲ್ಲಿಯೂ ಅದರ ತವರಿಲ್ಲ. ಬೇಟೆ ಇನ್ನೂ ರಂಜಕವಾಗಲೆಂದು 1974ರಿಂದ ಅಲ್ಲಿಗೆ ಸಣ್ಣ ಬಾಯಿಯ ಬಾಸ್ ಮೀನುಗಳನ್ನು ತಂದು ಬಿಡಲಾಯಿತು. ಎರಡೂ ಬೆರೆತು ಸಂಕರ ಸಂತತಿ ಹರಡಿ, ಶುದ್ಧವಾದ ಸ್ಥಳೀಯ ಜಾತಿಯೇ ಅಳಿಯುವ ಭಯ ಉಂಟಾಯಿತು. 1989ರಲ್ಲಿ ಟೆಕ್ಸಸ್ ಅದನ್ನು ತನ್ನ ಪ್ರಾಂತ್ಯದ ಮೀನೆಂದು ಘೋಷಿಸಿತು. 1990ರ ದಶಕದಿಂದ ಶುದ್ಧ ಗ್ವಾಡಲೂಪ್ ಮರಿಗಳನ್ನು ಬೆಳೆಸಿ ತೊರೆಗಳಿಗೆ ಬಿಟ್ಟು, ಮಾಡಿದ್ದನ್ನು ಸರಿಪಡಿಸುವ ಕೆಲಸ ನಡೆದಿದೆ. ಜಪಾನಿಗೆ 1925ರಲ್ಲಿ ಒಯ್ದ ದೊಡ್ಡ ಬಾಯಿಯ ಬಾಸ್ ಅಲ್ಲಿನ ಸರೋವರಗಳ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು. 2005ರಲ್ಲಿ ಜಾರಿಗೆ ಬಂದ ಕಾನೂನಿನಿಂದ ಅದರ ಸಾಗಣೆಯನ್ನೂ ಹೊಸ ನೀರಿಗೆ ಬಿಡುವುದನ್ನೂ ಆ ದೇಶ ನಿಷೇಧಿಸಬೇಕಾಯಿತು. ಎರೆಯನ್ನು ಎಲ್ಲಿಗೆ ಒಯ್ದರೂ ಹಾನಿಯಿಲ್ಲ. ಜೀವದ ಮಾತು ಹಾಗಲ್ಲ.

ಇದು ದೂರದ ನಾಡಿನ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಗಾಳದ ಬೇಟೆಯ ವಿದ್ಯೆ ನಮ್ಮಲ್ಲಿಯೂ ಬೆಳೆದಿತ್ತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲನು ಭಾರತದ ಗಾಳಬೇಟೆಯನ್ನು ಕುರಿತು ಬರೆದ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಅದರಲ್ಲಿ ಮಹಶೀರ್ ಮೀನಿಗೆ ಅಗ್ರಸ್ಥಾನ. ಕಾವೇರಿಯ ಗೂನುಬೆನ್ನಿನ ಮಹಶೀರ್ ಲೋಕದ ಮಹಶೀರ್‌ಗಳಲ್ಲಿಯೇ ದೊಡ್ಡದು. 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡು ತೂಗಿದ ಒಂದು ಮೀನು ಗಾಳಕ್ಕೆ ಸಿಕ್ಕಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಹಶೀರ್ ಸಂತತಿ ಕುಗ್ಗಿತೆಂಬ ಕಾಳಜಿಯಿಂದ, ಲೋಣಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ಕೃಷ್ಣೆಯ ಮೇಲುಕಣಿವೆಗಳ ಜಾತಿ. ಅವು ಹೆಚ್ಚಿದವು, ಗೂನುಬೆನ್ನಿನ ಮೀನು ವಿರಳವಾಗುತ್ತ ಹೋಯಿತು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದಿನಿಂದ ಮೀನು ಕೊಲ್ಲುವುದು, ಇವೆಲ್ಲ ಅದಕ್ಕೆ ಕೂಡಿಕೊಂಡವು. ವಿಪರ್ಯಾಸವೆಂದರೆ ಲೋಕಪ್ರಸಿದ್ಧವಾದ ಈ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ನಿಶ್ಚಿತವಾದದ್ದು 2018ರಲ್ಲಿ. ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ನಾಮಕರಣವೂ ಅಪಾಯದ ಘೋಷಣೆಯೂ ಒಂದೇ ವರ್ಷದಲ್ಲಿ ನಡೆದುಹೋದವು.

ಶ್ರೈವರನೂ ದುಷ್ಟನಲ್ಲ, ಟೆಕ್ಸಸಿನ ಅಧಿಕಾರಿಗಳೂ ಅಲ್ಲ, ಕಾವೇರಿಗೆ ಮರಿಗಳನ್ನು ತಂದವರೂ ಅಲ್ಲ. ಎಲ್ಲರೂ ಮೀನನ್ನು ಪ್ರೀತಿಸಿದವರೇ. ಮೀನನ್ನು ಪ್ರೀತಿಸಿ ನೀರನ್ನು ಮರೆತದ್ದೇ ಅಲ್ಲಿನ ಕೊರತೆ. ಒಳ್ಳೆಯ ಹುಸಿಯೆರೆಯನ್ನು ಮಾಡಿದವರ ಗುಣ ಇದಕ್ಕೆ ವಿರುದ್ಧವಾದದ್ದು. ರಾಪಲಾ ಗಂಟೆಗಟ್ಟಲೆ ನೀರನ್ನು ನೋಡುತ್ತ ಕುಳಿತನು. ಈ ನೀರಿನಲ್ಲಿ ಈ ಮೀನು ಏನನ್ನು ತಿನ್ನುತ್ತದೆ, ಏಕೆ ತಿನ್ನುತ್ತದೆ ಎಂದು ಕೇಳಿಕೊಂಡನು. ಅನಂತರವೇ ಕತ್ತಿ ಹಿಡಿದು ಕೆತ್ತಿದನು. ಎಂಟುನೂರು ವರ್ಷಗಳಿಗೂ ಹಿಂದೆ ಸೋಮೇಶ್ವರನು ಮೀನಿನ ಜಾತಿಯೊಡನೆ ಅದರ ನೀರನ್ನೂ ಆಹಾರವನ್ನೂ ಸೇರಿಸಿ ಹೇಳಿದ್ದು ಅದೇ ವಿವೇಕದಿಂದ. ಕನ್ನಡದಲ್ಲಿ ಹಳ್ಳ, ತೊರೆ, ಹೊಳೆ, ನದಿ ಎಂದು ಹರಿಯುವ ನೀರಿಗೆ ಬೇರೆ ಬೇರೆ ಹೆಸರುಗಳಿವೆ. ನಿಂತದ್ದಕ್ಕೆ ಮಡು, ಕೆರೆ, ಕಟ್ಟೆ, ಕೊಳ ಎಂದು ಬೇರೆಯೇ ಹೆಸರುಗಳಿವೆ. ಒಂದರ ಹೆಸರನ್ನು ಇನ್ನೊಂದಕ್ಕೆ ಇಡುವುದಿಲ್ಲವಷ್ಟೆ. ಒಂದರ ಮೀನನ್ನು ಇನ್ನೊಂದಕ್ಕೆ ಬಿಡುವ ಮುನ್ನವೂ ಅಷ್ಟೇ ಎಚ್ಚರ ಬೇಕು.